ಹಲ್ಲು ಎಣಿಸುವ ಊರು

41 ಮತ್ತು 11. ಸುಜುಕಿ ಸಮುರಾಯ್ ಎಂಬ ಪುಟ್ಟ ಜೀಪಿನ ಆಕ್ಸಲ್ ಒಳಗೆ ಒಂದನ್ನೊಂದು ಕಚ್ಚಿಕೊಂಡು ಕೂತ ಎರಡು ಚಕ್ರಗಳ ಹಲ್ಲುಗಳ ಲೆಕ್ಕ ಇದು. ದೊಡ್ಡದಕ್ಕೆ ಕ್ರೌನ್, ಚಿಕ್ಕದಕ್ಕೆ ಪಿನಿಯನ್ ಅನ್ನುತ್ತಾರೆ. ಅದೇ ಮನೆತನದ ಹಿರಿಯ ಗಾಡಿ ಎಸ್‌ಜೆ410ರಲ್ಲಿ ಈ ಜೋಡಿ 37 ಮತ್ತು 9. ನಮ್ಮಲ್ಲಿ 1985ರ ಕೊನೆಗೆ ಮಾರುತಿ ಜಿಪ್ಸಿ ಎಂದು ಬಂದು, ಪೊಲೀಸರಿಂದ ಹಿಡಿದು ಸೈನಿಕರವರೆಗೆ ಎಲ್ಲರನ್ನೂ ಹೊತ್ತು ತಿರುಗಿದ್ದು ಈ ಮನೆತನದ್ದೇ ಕೂಸು. ಎಂಜಿನ್ ಕಡೆಯಿಂದ ಬರುವ ಸುತ್ತನ್ನು ಚಕ್ರಕ್ಕೆ ಮುಟ್ಟುವ ಮೊದಲು ಸುಮಾರು ನಾಲ್ಕನೇ ಒಂದು ಪಾಲಿಗೆ ಇಳಿಸಬೇಕು, ಅಷ್ಟೇ ಇವುಗಳ ಕೆಲಸ. ಹಾಗಿದ್ದ ಮೇಲೆ ಒಂದಕ್ಕೆ 40, ಇನ್ನೊಂದಕ್ಕೆ 10 ಹಲ್ಲು ಕೊಟ್ಟು ಕೈತೊಳೆದುಕೊಳ್ಳಬಹುದಿತ್ತಲ್ಲ? ಜಪಾನಿನ ಹಮಾಮಾತ್ಸುವಿನಲ್ಲಿ ಕೂತ ಸುಜುಕಿ ಎಂಜಿನಿಯರುಗಳು ಇಂಥ ಅಡ್ಡಾದಿಡ್ಡಿ ಅಂಕಿಗಳನ್ನು ಹುಡುಕಿಕೊಂಡು ಹೋದದ್ದು ಯಾಕೆ?

ಉತ್ತರ ಸರಳ, ಆದರೆ ಒಮ್ಮೆ ತಲೆ ಹೊಕ್ಕರೆ ಹೊರಗೆ ಹೋಗುವುದಿಲ್ಲ. 40 ಮತ್ತು 10 ಇದ್ದರೆ ಪಿನಿಯನ್ನಿನ ಮೊದಲ ಹಲ್ಲು ಕ್ರೌನಿನ 1, 11, 21, 31ನೇ ಹಲ್ಲುಗಳನ್ನು ಮಾತ್ರ ಜನ್ಮವಿಡೀ ಮುಟ್ಟುತ್ತಿರುತ್ತದೆ. ಆ ಒಂದು ಹಲ್ಲಿನಲ್ಲಿ ಕೂದಲೆಳೆಯಷ್ಟು ಕೊರೆ ಇದ್ದರೂ ಸಾಕು, ಆ ನಾಲ್ಕು ಬಡಪಾಯಿಗಳು ದಿನವೂ ಅದರ ಪೆಟ್ಟು ತಿಂದು ಸವೆಯುತ್ತವೆ. ಉಳಿದ ಮೂವತ್ತಾರು ಹೊಸದಾಗಿಯೇ ಇರುತ್ತವೆ. 41 ಮತ್ತು 11ರ ನಡುವೆ ಒಂದನ್ನು ಬಿಟ್ಟರೆ ಬೇರೆ ಸಾಮಾನ್ಯ ಭಾಜಕ ಇಲ್ಲ. ಹಾಗಾಗಿ ಪ್ರತಿ ಹಲ್ಲೂ ಎದುರಿನ ಪ್ರತಿ ಹಲ್ಲನ್ನೂ ಭೇಟಿಯಾಗಲೇಬೇಕು. ವಾರ 7, ನಕ್ಷತ್ರ 27 ಇರುವುದರಿಂದಲೇ ಪಂಚಾಂಗದಲ್ಲಿ ಸೋಮವಾರದ ಪಾಲಿಗೆ ಒಂದಲ್ಲ ಒಂದು ದಿನ ಎಲ್ಲ ನಕ್ಷತ್ರಗಳೂ ಬರುವಂತೆ ಇದು. ಒಟ್ಟು 451 ಭೇಟಿ. ಅದಾದ ಮೇಲೆಯೇ ಮೊದಲ ಜೋಡಿ ಮತ್ತೆ ಮುಖ ನೋಡುವುದು. ಸವೆತ ಯಾರೊಬ್ಬರ ಮೇಲೂ ಬೀಳದೆ ಎಲ್ಲರಿಗೂ ಹಂಚಿಹೋಗುತ್ತದೆ.

ಈ ಗಾಡಿಯ ಟೈರು ಒಂದು ಸುತ್ತಿಗೆ ಹೆಚ್ಚುಕಡಿಮೆ 2.1 ಮೀಟರ್ ಉರುಳುತ್ತದೆ. ಕ್ರೌನ್ 11 ಸುತ್ತು ಸುತ್ತಿದರೆ 451 ಭೇಟಿ ಮುಗಿದವು, ಅಂದರೆ 23 ಮೀಟರಿನಲ್ಲಿ. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿಲೋಮೀಟರ್. ಸಿದ್ಧೇಶ್ವರನ ಗುಡಿಗೆ ಕೈಮುಗಿದು ಹೊರಟು ಸ್ವಾಮಿ ಸಮರ್ಥರ ಗುಡಿಯ ಮುಂದೆ ಇಳಿಯುವಷ್ಟರಲ್ಲಿ, ಆ ಕತ್ತಲೆಯ ಡಬ್ಬಿಯಲ್ಲಿ, ಎಣ್ಣೆಯೊಳಗೆ, ಎಲ್ಲರೂ ಎಲ್ಲರನ್ನೂ ಭೇಟಿಯಾಗುವ ಈ ಸಭೆ 1,700 ಸಲಕ್ಕೂ ಮೇಲೆ ನಡೆದು ಮುಗಿದಿರುತ್ತದೆ. ಗಾಡಿಯಲ್ಲಿ ಕೂತವರು ಅಷ್ಟು ಹೊತ್ತೂ ಜೋಳದ ಬೆಳೆಯ ಬಗ್ಗೆಯೋ ಮದುವೆಯ ಮಾತುಕತೆಯ ಬಗ್ಗೆಯೋ ಮಾತಾಡಿಕೊಂಡಿರುತ್ತಾರೆ.

ಸಾಮಾನ್ಯ ಭಾಜಕವನ್ನು ಮೊದಲು ಕಿತ್ತುಹಾಕು ಎಂಬುದು ಜಪಾನಿಗರ ಶೋಧವೇನೂ ಅಲ್ಲ. 1150ರ ಸುಮಾರಿನ ಲೀಲಾವತಿಯಲ್ಲಿ ಭಾಸ್ಕರಾಚಾರ್ಯರು ಕುಟ್ಟಕದ ಲೆಕ್ಕ ಶುರುಮಾಡಿಸುವುದೇ ಹಾಗೆ. ಸೊನ್ನಲಿಗೆಯ ಸಿದ್ಧರಾಮರು ಇದೇ ಸೊಲ್ಲಾಪುರದಲ್ಲಿ ಕೆರೆ ಕಟ್ಟಿಸಿದ ಶತಮಾನವೂ ಅದೇ. ಎರಡಕ್ಕೂ ಸಂಬಂಧ ಇದೆಯೆಂದು ನಾನು ಹೇಳುತ್ತಿಲ್ಲ. ಒಂದೇ ನೂರು ವರ್ಷದಲ್ಲಿ ಒಬ್ಬರು ಅಂಕಿಯನ್ನೂ ಒಬ್ಬರು ಮಣ್ಣನ್ನೂ ಅಗೆಯುತ್ತಿದ್ದರು ಅಂತ ನೆನೆದರೆ ಸುಮ್ಮನೆ ಖುಷಿಯಾಗುತ್ತದೆ, ಅಷ್ಟೇ.

ಸೊಲ್ಲಾಪುರದ ಗ್ಯಾರೇಜುಗಳಲ್ಲಿ ನಾಲ್ಕು ಭಾಷೆ ಓಡಾಡುತ್ತವೆ. ಗಿರಾಕಿಯ ಜೊತೆ ಮರಾಠಿ, ಸ್ಪೇರ್ ಪಾರ್ಟ್ ಅಂಗಡಿಯವನ ಜೊತೆ ದಖ್ಖನಿ, ನೇಕಾರ ಪೇಟೆಯಿಂದ ಬಂದ ಹುಡುಗರ ಬಾಯಲ್ಲಿ ತೆಲುಗು, ಅಕ್ಕಲಕೋಟೆ ಕಡೆಯ ಮಿಸ್ತ್ರಿಯಾದರೆ ತನ್ನಷ್ಟಕ್ಕೆ ತಾನು ಗೊಣಗುವುದು ಕನ್ನಡ. ಸಾಮಾನುಗಳ ಹೆಸರು ಮಾತ್ರ ಎಲ್ಲರಿಗೂ ಒಂದೇ: ಕ್ಲಚ್ ಶಾಫ್ಟ್, ಮೇನ್ ಶಾಫ್ಟ್, ಕೌಂಟರ್ ಶಾಫ್ಟ್, ಹಬ್, ಸ್ಲೀವ್, ಫೋರ್ಕು. ಹಿಂದಕ್ಕೆ ಹೋಗುವುದು ಬ್ಯಾಕ್ ಗೇರ್.

ಇಂಥ ಒಂದು ತಗಡಿನ ಶೆಡ್ಡಿನಲ್ಲಿ ಮೂರು ಗೇರ್‌ಬಾಕ್ಸುಗಳು ಗೋಣಿಚೀಲದ ಮೇಲೆ ಸಾಲಾಗಿ ಮಲಗಿದ್ದವು. ಯಾವುದಕ್ಕೂ ಹೆಸರಿಲ್ಲ. ಎರಕದ ಮೇಲೆ ಮೂಡಿಸಿದ ಅಂಕಿಗಳು ಇದ್ದವು, ಆದರೆ ಎರಕದ ಅಂಕಿ ಹೊರಗಿನ ಚಿಪ್ಪಿನದು. ಅದೇ ಚಿಪ್ಪಿನೊಳಗೆ ಬೇರೆ ಬೇರೆ ಹಲ್ಲಿನ ಸೆಟ್ಟು ಕೂರಿಸುವುದು ಕಾರ್ಖಾನೆಯವರಿಗೆ ಹೊಸತಲ್ಲ. ನಾನು ಬಗ್ಗಿ ಆ ಅಂಕಿಗಳನ್ನು ಓದುತ್ತಿದ್ದೆ.

"ಅದನೇನ್ ಓದ್ತೀರಿ ಸರ, ತಿರುವಿ ನೋಡ್ರಿ," ಅಂದರು ಮಿಸ್ತ್ರಿ.

"ಹೆಂಗ್ ಕಾಕಾ?"

ಅವರು ಸೀಮೆಸುಣ್ಣದ ಚೂರು ತಗೊಂಡು ಮುಂದಿನ ಕ್ಲಚ್ ಶಾಫ್ಟಿನ ಮೇಲೊಂದು ಗೀಟು, ಹಿಂದಿನ ತುದಿಯ ಮೇಲೊಂದು ಗೀಟು ಎಳೆದರು. ಫಸ್ಟಿಗೆ ಹಾಕಿ, ಹಿಂದಿನ ಗೀಟು ಒಂದು ಪೂರ್ತಿ ಸುತ್ತು ಬರುವವರೆಗೆ ಮುಂದಿನದನ್ನು ಕೈಯಿಂದ ತಿರುವಿದರು. ಹುಡುಗ ಎಣಿಸಿದ. ಮೂರು ದಾಟಿತು, ಮೂರೂವರೆ ದಾಟಿತು, ಇನ್ನೊಂದಿಷ್ಟು. ಸೆಕೆಂಡಿಗೆ ಎರಡಕ್ಕೆ ಸ್ವಲ್ಪ ಕಡಿಮೆ. ಥರ್ಡಿಗೆ ಒಂದೂವರೆಗಿಂತ ಚೂರು ಕಡಿಮೆ. ಫೋರ್ತಿಗೆ ಎರಡೂ ಗೀಟು ಕೂಡಿಯೇ ಹೊರಟು ಕೂಡಿಯೇ ಬಂದು ನಿಂತವು. ಐದನೆಯದಕ್ಕೆ ಮುಂದಿನ ಗೀಟು ಪೂರ್ತಿ ಸುತ್ತು ಬರುವ ಮೊದಲೇ ಹಿಂದಿನದು ಬಂದುಬಿಟ್ಟಿತ್ತು.

"ಆತಲ್ರಿ," ಅಂದರು. ಸಮುರಾಯ್ ಕೈಪಿಡಿಯಲ್ಲಿರುವ ಅಂಕಿಗಳು 3.652, 1.947, 1.423, 1.000, 0.795. ಸೀಮೆಸುಣ್ಣದ ಉತ್ತರವೂ ಅದೇ, ಎರಡನೆಯ ದಶಮಾಂಶದವರೆಗೆ ಬೇಕಾದವರು ಮುಚ್ಚಳ ತೆಗೆದು ಹಲ್ಲು ಎಣಿಸಿಕೊಳ್ಳಬೇಕು.

ಒಂದು ಪೆಟ್ಟಿಗೆ ಯಾರದ್ದು ಎಂದು ಕೇಳಿದರೆ ಹೊರಗಿನ ಫಲಕ ಸುಳ್ಳು ಹೇಳುವುದೇ ಹೆಚ್ಚು, ಅದರಲ್ಲೂ ನಮ್ಮ ದೇಶದಲ್ಲಿ. ವಾಲಚಂದ ಹಿರಾಚಂದರು ಹುಟ್ಟಿದ್ದು 1882ರಲ್ಲಿ, ಇದೇ ಸೊಲ್ಲಾಪುರದಲ್ಲಿ. ಬೆಂಗಳೂರಿನಲ್ಲಿ 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುಮಾಡಿದ ಅದೇ ವಾಲಚಂದರು ನಾಲ್ಕು ವರ್ಷಕ್ಕೆ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಅವರು ತೀರಿಕೊಂಡು ಮೂರು ದಶಕ ಕಳೆದ ಮೇಲೆ, 1985ರಲ್ಲಿ ಆ ಕಂಪನಿ 118ಎನ್‌ಇ ಎಂಬ ಕಾರು ತಂದಿತು. ಮೈ ಇಟಲಿಯ ಫಿಯಟ್ 124ರದ್ದು, ಎಂಜಿನ್ ನಿಸ್ಸಾನಿನ ಎ12, ಅದರ ಬೆನ್ನಿಗೆ ನಿಸ್ಸಾನಿನದೇ ಗೇರ್‌ಬಾಕ್ಸು. ಹೊರಗೆ ನಿಂತು ನೋಡಿದರೆ ಇಟಲಿ, ಕೆಳಗೆ ಮಲಗಿ ನೋಡಿದರೆ ಜಪಾನ್. ಕಾಂಟೆಸ್ಸಾ ಕ್ಲಾಸಿಕ್ ಎಂಬ ಇನ್ನೊಂದು ಕಾರಿನ ಮೈ ಬ್ರಿಟನ್ನಿನ ವಾಕ್ಸ್‌ಹಾಲ್, ಹೊಟ್ಟೆಯಲ್ಲಿ ಇಸುಜು ಎಂಜಿನ್ನು, ಇಸುಜುವಿನ ಐದು ಗೇರು. ಆಮೇಲೆ ಅದೇ ಇಸುಜು ಎಂಜಿನ್ನು ಮತ್ತು ಪೆಟ್ಟಿಗೆ ಅಂಬಾಸಡರಿಗೂ ಏರಿದವು. ಸ್ಟೀರಿಂಗಿಗೆ ಅಂಟಿಕೊಂಡಿದ್ದ ಗೇರ್ ಸಳಿ ಇಳಿದು ಡ್ರೈವರನ ಎಡಗೈ ಕೆಳಗೆ ಬಂತು. ಶೆಡ್ಡಿನ ಮಿಸ್ತ್ರಿಗಳು ಕಸಿ ಮಾಡುತ್ತಾರೆಂದು ಮೂಗು ಮುರಿಯುವವರು ನೆನಪಿಡಬೇಕಾದದ್ದು ಇದನ್ನು: ದೊಡ್ಡ ಕಾರ್ಖಾನೆಗಳೇ ಮೊದಲು ಕಸಿ ಮಾಡಿದವು, ಮಾಡಿ ಜಾಹೀರಾತನ್ನೂ ಕೊಟ್ಟವು.

ಎಂಬತ್ತರ ದಶಕದ ನಡುವೆ ಸಣ್ಣ ಲಾರಿಗಳ ದಂಡೂ ಬಂತು: ಡಿಸಿಎಂ ಟೊಯೊಟಾ, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಶಿ, ಆಲ್ವಿನ್ ನಿಸ್ಸಾನ್. ಕೊನೆಯದರ ಕಾರ್ಖಾನೆ ಇದ್ದ ಜಹೀರಾಬಾದು ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮೇಲೆಯೇ. ಜಪಾನಿನ ಗೇರ್‌ಬಾಕ್ಸು ಚಾದರದ ಗಂಟು ಹೊತ್ತುಕೊಂಡು ಈ ಸೀಮೆಯಲ್ಲಿ ಓಡಾಡತೊಡಗಿದ್ದು ಹೀಗೆ.

ಚಾದರ ಅಂದೆನಲ್ಲ, ನನ್ನ ಬೆರಗಿನ ಬೇರು ಇರುವುದೇ ಅಲ್ಲಿ.

ಸೊಲ್ಲಾಪುರದ ಹಳೆಯ ಗಿರಣಿ ಶುರುವಾದದ್ದು 1877ರಲ್ಲಿ. ಆಮೇಲೆ ಪವರ್‌ಲೂಮ್, ಜಕಾರ್ಡು ಹೊತ್ತ ಚಾದರದ ಮಗ್ಗ, ಟವೆಲ್ಲಿನ ಮಗ್ಗ. ಕೆಲವು ಗಲ್ಲಿಗಳಲ್ಲಿ ಇಂದಿಗೂ ಮಾತಾಡಬೇಕಾದರೆ ಕೂಗಬೇಕು. ಪವರ್‌ಲೂಮಿನ ಪಕ್ಕದಲ್ಲಿ ಒಂದಿಷ್ಟು ಚಕ್ರಗಳು ಸಾಲಾಗಿ ಕಚ್ಚಿಕೊಂಡಿರುತ್ತವೆ. ಲಾಳಿ ಒಂದು ಸಲ ಅಡ್ಡ ಹಾಯ್ದರೆ ನೆಯ್ದ ಬಟ್ಟೆಯನ್ನು ಕೂದಲೆಳೆಯಷ್ಟು ಮುಂದಕ್ಕೆ ಸುತ್ತಿಕೊಳ್ಳುವುದು ಅವುಗಳ ಕೆಲಸ. ಅವುಗಳಲ್ಲಿ ಒಂದನ್ನು ಮಾತ್ರ ಬಿಚ್ಚಿ ಬದಲಿಸುವಂತೆ ಇಟ್ಟಿರುತ್ತಾರೆ. ಅದಕ್ಕೆ ಚೇಂಜ್ ವ್ಹೀಲ್ ಅನ್ನುತ್ತಾರೆ. ಅದರ ಹಲ್ಲು ಬದಲಾದರೆ ಇಂಚಿಗೆ ಎಷ್ಟು ಅಡ್ಡ ಎಳೆ ಬೀಳಬೇಕು ಎಂಬುದು ಬದಲಾಗುತ್ತದೆ. ಏಳು ಚಕ್ರದ ವ್ಯವಸ್ಥೆಯಲ್ಲಿ ಇದನ್ನು ಎಷ್ಟು ಅಚ್ಚುಕಟ್ಟಾಗಿ ಹೊಂದಿಸಬಹುದೆಂದರೆ, ಚಕ್ರಕ್ಕೆ ಒಂದು ಹಲ್ಲು ಹೆಚ್ಚಾದರೆ ಇಂಚಿಗೆ ಒಂದು ಎಳೆ ಹೆಚ್ಚು. ಜಾಬರ್ ಎಂದು ಕರೆಯಿಸಿಕೊಳ್ಳುವ ಮಗ್ಗದ ಮಿಸ್ತ್ರಿ ಬಟ್ಟೆಯನ್ನು ಮುಟ್ಟಿ ನೋಡದೆ, ಗೂಟಕ್ಕೆ ನೇತುಹಾಕಿದ ಚಕ್ರಗಳ ಗೊಂಚಲಿನಿಂದ ಒಂದನ್ನು ಎತ್ತಿ ಹಲ್ಲು ಎಣಿಸಿ ಹೇಳಬಲ್ಲ: ಇದು ಹಾಕಿದರೆ ಬಟ್ಟೆ ಜಾಳು, ಅದು ಹಾಕಿದರೆ ದಟ್ಟ.

ಅಂದರೆ ಚಕ್ರ ಗುರುತಿಸುವುದು, ಒಂದನ್ನು ಬಿಚ್ಚಿ ಇನ್ನೊಂದನ್ನು ಹಾಕುವುದು ಈ ಊರಿಗೆ ಕಾರು ಕಲಿಸಿದ ವಿದ್ಯೆ ಅಲ್ಲ. ಕಾರು ಬರುವ ಮೊದಲೇ ಇಲ್ಲಿನ ಬೆರಳುಗಳು ಹಲ್ಲು ಎಣಿಸುತ್ತಿದ್ದವು. ಅದಕ್ಕೂ ಹಿಂದೆ ಹೋದರೆ, ಹತ್ತಿಯಿಂದ ಬೀಜ ಬಿಡಿಸುವ ನಮ್ಮ ಮರದ ಚರಕಿಯ ಎರಡು ಉರುಳೆಗಳ ತುದಿಗೆ ಸುರುಳಿಯಾಗಿ ಕೊರೆದ ಹಲ್ಲುಗಳಿದ್ದವು. ಒಂದನ್ನು ತಿರುವಿದರೆ ಇನ್ನೊಂದು ಎದುರು ದಿಕ್ಕಿಗೆ ತಿರುಗುತ್ತಿತ್ತು. ಇಂಥ ಚರಕಿ ಭಾರತದಲ್ಲಿ ನೂರಾರು ವರ್ಷ ಬಳಕೆಯಲ್ಲಿತ್ತು. ಕಪ್ಪು ಮಣ್ಣಿನ ಹತ್ತಿ ಸೀಮೆಯಲ್ಲಿ ಹಲ್ಲಿನ ಚಕ್ರದ ಮೊದಲ ಪಾಠ ಹೇಳಿದ್ದು ಹೀಗೆ ಮರ.

ಆ ಕಡೆ ಜಪಾನಿನಲ್ಲಿ? ಮಿಚಿಯೊ ಸುಜುಕಿ 1909ರಲ್ಲಿ ಹಮಾಮಾತ್ಸುವಿನಲ್ಲಿ ತೆರೆದದ್ದು ಮಗ್ಗದ ಕಾರ್ಖಾನೆ. ಬಣ್ಣಬಣ್ಣದ ಚೌಕಳಿ ಬಟ್ಟೆ ನೇಯುವ ಅವರ ಮಗ್ಗಗಳು ಸಾರೋಂಗ್ ಉಡುವ ಆಗ್ನೇಯ ಏಷ್ಯಾಕ್ಕೂ ಹೋದವು. ಹತ್ತಿಯ ವ್ಯವಹಾರ ಕುಸಿದ ಮೇಲೆ, 1952ರಲ್ಲಿ ಆ ಕಂಪನಿ ಸೈಕಲ್ಲಿಗೆ ಎಂಜಿನ್ ಕಟ್ಟಿ ಮಾರಿತು. 1955ರಲ್ಲಿ ಕಾರು. ಟೊಯೊಟಾದ ಕಥೆಯೂ ಮಗ್ಗದ್ದೇ. ಸಕಿಚಿ ಟೊಯೊಡಾ 1924ರಲ್ಲಿ ಪೂರ್ತಿ ಸ್ವಯಂಚಾಲಿತ ಮಗ್ಗ ಮುಗಿಸಿದರು. 1929ರಲ್ಲಿ ಅದರ ಪೇಟೆಂಟ್ ಹಕ್ಕನ್ನು ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್‌ಗೆ ಮಾರಿದರು. ಅದೇ ಹೊತ್ತಿಗೆ ಮಗ ಕೀಚಿರೊ ಮೋಟಾರಿನ ಪ್ರಯೋಗಕ್ಕೆ ಇಳಿದರು. ನಮ್ಮ ಕರ್ನಾಟಕಕ್ಕೂ ಆ ಮನೆತನ ಬಂದ ದಾರಿ ಅದೇ: ಮೊದಲು 1995ರಲ್ಲಿ ಕಿರ್ಲೋಸ್ಕರರ ಜೊತೆ ಸೇರಿ ನೂಲುವ ಯಂತ್ರದ ಕಂಪನಿ, 1997ರಲ್ಲಿ ಕಾರಿನ ಕಂಪನಿ, 2000ದಲ್ಲಿ ಬಿಡದಿಯಿಂದ ಕ್ವಾಲಿಸ್. ಈಗ ಬಿಡದಿಯಿಂದ ಗೇರ್‌ಬಾಕ್ಸುಗಳೇ ಹಡಗು ಹತ್ತಿ ಹೊರದೇಶಗಳಿಗೆ ಹೋಗುತ್ತವೆ.

ಮಗ್ಗದ ಮನೆಯಲ್ಲಿ ಹುಟ್ಟಿದ ಪೆಟ್ಟಿಗೆ, ಸಮುದ್ರ ದಾಟಿ, ಯಾವಯಾವುದೋ ಮೈಯೊಳಗೆ ಕೂತು, ಕಡೆಗೆ ಮಗ್ಗದ ಊರಿಗೆ ಬಂದು ಜಾಬರನ ಮಗನ ಕೈಯಲ್ಲಿ ಬಿಚ್ಚಿಕೊಳ್ಳುತ್ತದೆ. ಅವನು ಅದನ್ನು ಹೊಸದೆಂದು ನೋಡುವುದೇ ಇಲ್ಲ. ಇದನ್ನು ಯಾರೂ ಯೋಜಿಸಲಿಲ್ಲ. ಯೋಜಿಸದೆ ಇಷ್ಟು ಸರಿಯಾಗಿ ಕೂಡಿಬಂದದ್ದಕ್ಕೆ ನನ್ನ ಬಳಿ ವಿವರಣೆ ಇದೆ, ಹತ್ತಿ ಇದ್ದಲ್ಲಿ ಮಗ್ಗ, ಮಗ್ಗ ಇದ್ದಲ್ಲಿ ಕಬ್ಬಿಣದ ಕಸುಬು ಅಂತ. ಆದರೆ ವಿವರಣೆ ಸಿಕ್ಕಿತೆಂದು ಬೆರಗು ಎದ್ದು ಹೋಗಲಿಲ್ಲ.

ಈಗ ಮುಚ್ಚಳ ತೆಗೆಯೋಣ. ಗೇರ್ ಬದಲಿಸುವಾಗ ಒಳಗೆ ಒಂದು ಚಕ್ರ ಸರಿದುಹೋಗಿ ಇನ್ನೊಂದು ಚಕ್ರವನ್ನು ಕಚ್ಚುತ್ತದೆ ಎಂದೇ ಬಹಳ ಜನ ನಂಬಿದ್ದಾರೆ. ಮೋಟಾರು ಬಂಡಿಗಳ ಮೊದಲ ಕಾಲದಲ್ಲಿ ಹಾಗೆಯೇ ಇತ್ತು; ಅದಕ್ಕೇ ಆಗಿನ ಡ್ರೈವರುಗಳು ಗೇರು ಹಾಕಿದರೆ ಬೀದಿಯ ನಾಯಿಗಳು ಏಳುತ್ತಿದ್ದವು. ಈ ಜಪಾನಿ ಪೆಟ್ಟಿಗೆಗಳಲ್ಲಿ ಮುಂದಕ್ಕೆ ಒಯ್ಯುವ ಚಕ್ರಗಳ ಜೋಡಿಗಳೆಲ್ಲ ಯಾವಾಗಲೂ ಕಚ್ಚಿಕೊಂಡೇ ಇರುತ್ತವೆ. ಐದಕ್ಕೆ ಐದೂ. ಮೇನ್ ಶಾಫ್ಟಿನ ಮೇಲೆ ಕೂತ ಚಕ್ರಗಳು ಅದಕ್ಕೆ ಅಂಟಿಕೊಂಡಿಲ್ಲ. ಸೂಜಿಯಂಥ ಬೇರಿಂಗುಗಳ ಮೇಲೆ ತಂತಮ್ಮ ಪಾಡಿಗೆ ತಿರುಗುತ್ತಿರುತ್ತವೆ, ಒಂದೊಂದು ಒಂದೊಂದು ವೇಗದಲ್ಲಿ. ಒಂದೇ ಕಂಬಿಯ ಮೇಲೆ ಅಕ್ಕಪಕ್ಕ ಕೂತು ಒಬ್ಬ ನಿಧಾನ, ಒಬ್ಬ ಜೋರು. ನೀವು ಸಳಿ ದೂಡಿದಾಗ ಸರಿಯುವುದು ನಡುವಿನ ಸ್ಲೀವ್ ಮಾತ್ರ. ಅದು ಹೋಗಿ ಯಾವ ಚಕ್ರವನ್ನು ಕಂಬಿಗೆ ಬಂಧಿಸುತ್ತದೋ ಆ ಚಕ್ರದ ವೇಗ ಗಾಡಿಯ ವೇಗವಾಗುತ್ತದೆ. ಉಳಿದವು ಕೆಲಸವಿಲ್ಲದೆ, ಆದರೆ ನಿಲ್ಲದೆ, ಸುತ್ತುತ್ತಲೇ ಇರುತ್ತವೆ.

ಇದನ್ನು ಮೊದಲ ಸಲ ಕಣ್ಣಾರೆ ಕಂಡಾಗ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ವೇಗವನ್ನು ನಾವು ತಯಾರಿಸುತ್ತೇವೆ ಅಂದುಕೊಂಡಿರುತ್ತೇವೆ. ಅಲ್ಲ, ಸಾವಧಾನವೂ ಧಾವಂತವೂ ಒಳಗೆ ಏಕಕಾಲಕ್ಕೆ ಸಿದ್ಧವಾಗಿವೆ. ನಮ್ಮ ಕೈ ಮಾಡುವುದು ಒಂದನ್ನು ಆರಿಸುವ ಕೆಲಸ. ಈ ಮಾತನ್ನು ಮನುಷ್ಯನ ಮನಸ್ಸಿಗೆ ಹೋಲಿಸಿ ಪ್ರವಚನ ಮಾಡಬಹುದು, ಮಾಡುವವರು ಮಾಡಲಿ. ಕಬ್ಬಿಣದಲ್ಲಿ ಇದು ನಿಜವಾಗಿಯೂ ಹೀಗಿದೆ ಎಂಬುದೇ ನನಗೆ ಸಾಕಾದಷ್ಟು ದೊಡ್ಡ ಸಂಗತಿ.

ಒಂದು ವೇಗಕ್ಕೆ ಹೊರಳುವ ಮೊದಲು ಸ್ಲೀವ್ ಮತ್ತು ಚಕ್ರ ಒಂದೇ ವೇಗಕ್ಕೆ ಬರಬೇಕು, ಇಲ್ಲದಿದ್ದರೆ ಕರಕರ. ಅದಕ್ಕೊಂದು ಹಿತ್ತಾಳೆಯ ಉಂಗುರ ಇದೆ, ಒಳಮೈ ಇಳಿಜಾರು. ಅದು ಮೊದಲು ಹೋಗಿ ಚಕ್ರದ ಇಳಿಜಾರಿಗೆ ಉಜ್ಜಿಕೊಂಡು ಎರಡರ ವೇಗವನ್ನೂ ಸರಿಗೂಡಿಸುತ್ತದೆ. ಸರಿಗೂಡುವವರೆಗೆ ಸ್ಲೀವಿಗೆ ದಾರಿ ಬಿಡುವುದಿಲ್ಲ. ಅರೆಗಳಿಗೆಯ ಕೆಲಸ. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಹೀಗೆ ವೇಗ ಸರಿಗೂಡಿಸುವ ಉಪಾಯ ಮೊದಲು ಬಂತು. ಸೆಕೆಂಡ್ ಗೇರಿಗೆ ಹಾಕುವಾಗ ಸಳಿ ಒಂದಿಷ್ಟು ತಡೆದಂತಾಗಿ ಆಮೇಲೆ ಒಳಗೆ ಜಾರುತ್ತದಲ್ಲ, ಆ ತಡೆಯೇ ಆ ಉಂಗುರ. ಹಳೆಯ ಗಾಡಿಗಳಲ್ಲಿ ಮೊದಲು ಸವೆಯುವುದೂ ಹೆಚ್ಚಾಗಿ ಸೆಕೆಂಡಿನದೇ. ಬ್ಯಾಕ್ ಗೇರಿಗೆ ಈ ಸೌಕರ್ಯ ಸಾಮಾನ್ಯವಾಗಿ ಇಲ್ಲ. ಎರಡು ಚಕ್ರ ಕಚ್ಚಿದರೆ ದಿಕ್ಕು ತಿರುಗುಮುರುಗು. ನಡುವೆ ಮೂರನೆಯದೊಂದನ್ನು ತೂರಿಸಿದರೆ ಗಾಡಿ ಹಿಂದಕ್ಕೆ. ಅದರ ಹಲ್ಲು ನೇರ, ಮಿಕ್ಕವುಗಳದು ಓರೆ. ಓರೆ ಹಲ್ಲು ಸದ್ದಿಲ್ಲದೆ ಕೂಡುತ್ತದೆ, ನೇರ ಹಲ್ಲು ಕೂಗುತ್ತದೆ; ಹಿಂದಕ್ಕೆ ಬರುವ ಮಾರುತಿ ವ್ಯಾನು ಕುಂಯ್ ಎನ್ನುವುದು ಅದಕ್ಕೇ.

ಇನ್ನು ಆ ಫೋರ್ತ್ ಗೇರು. ಸೀಮೆಸುಣ್ಣದ ಎರಡು ಗೀಟೂ ಕೂಡಿ ತಿರುಗಿದ್ದು ಯಾಕೆಂದರೆ, ಅಲ್ಲಿ ಶಕ್ತಿ ಯಾವ ಹಲ್ಲನ್ನೂ ದಾಟುವುದಿಲ್ಲ. ಕ್ಲಚ್ ಶಾಫ್ಟೂ ಮೇನ್ ಶಾಫ್ಟೂ ಒಂದರ ಮೂಗಿಗೆ ಒಂದು ಸೇರಿ ಒಂದೇ ಕಂಬಿಯಾಗಿಬಿಡುತ್ತವೆ. ಇಷ್ಟೆಲ್ಲ ಚಕ್ರಗಳ ಪೆಟ್ಟಿಗೆ ಕಟ್ಟಿ, ಅದರ ಅತ್ಯುತ್ತಮ ಸ್ಥಿತಿ ಯಾವುದೆಂದರೆ ಪೆಟ್ಟಿಗೆಯೇ ಇಲ್ಲದಂತೆ ಇರುವುದು. ಅದರ ಮೇಲೆ ಐದನೆಯದು, 0.795. ಅಕ್ಕಲಕೋಟೆಯವರೆಗಿನ 40 ಕಿಲೋಮೀಟರನ್ನು ಫೋರ್ತಿನಲ್ಲೇ ಹೋದರೆ, ಆಕ್ಸಲ್ಲಿನ ಜೊತೆಗೆ ನಡುವಿನ ಟ್ರಾನ್ಸ್‌ಫರ್ ಡಬ್ಬಿ (ಅದರ ಮಾತು ಮುಂದೆ ಬರುತ್ತದೆ) ಇಳಿಸುವ ಪಾಲನ್ನೂ ಸೇರಿಸಿ, ಸಮುರಾಯ್ ಎಂಜಿನ್ ಹೆಚ್ಚುಕಡಿಮೆ 1 ಲಕ್ಷ ಸುತ್ತು ಸುತ್ತಬೇಕು. ಐದರಲ್ಲಿ ಸುಮಾರು 80 ಸಾವಿರ. ಇಪ್ಪತ್ತು ಸಾವಿರ ಸುತ್ತಿನ ದುಡಿಮೆ ಎರಡು ಚಕ್ರದ ಒಂದು ಜೋಡಿಯಿಂದ ಉಳಿಯಿತು. ನಾಲ್ಕು ಗೇರಿನ ಹಳೆಯ ಜಿಪ್ಸಿಗೆ ಐದು ಗೇರಿನ ಪೆಟ್ಟಿಗೆ ಬೇಕೆಂದು ಜನ ಹುಡುಕಿಕೊಂಡು ಬರುವುದು ಇದಕ್ಕೇ. 1996ರ ಜಿಪ್ಸಿ ಕಿಂಗ್‌ನಲ್ಲಿ ಕಂಪನಿಯೇ ಐದು ಕೊಟ್ಟಿತು.

ಪೆಟ್ಟಿಗೆ ಬದಲಿಸುವುದು ಬೋಲ್ಟು ಬಿಚ್ಚಿ ಬೋಲ್ಟು ಹಾಕುವ ಕೆಲಸ ಅಂದುಕೊಂಡವರು ಒಂದು ದಿನ ಶೆಡ್ಡಿನಲ್ಲಿ ಕೂರಬೇಕು. ಎಂಜಿನ್ನಿನ ಬೆನ್ನಿಗೂ ಬೆಲ್ ಹೌಸಿಂಗಿಗೂ ರಂಧ್ರಗಳು ಕೂಡಬೇಕು. ಕ್ಲಚ್ ಪ್ಲೇಟಿನ ನಡುವಿನ ಗೆರೆಗಳೂ ಶಾಫ್ಟಿನ ಗೆರೆಗಳೂ ಲೆಕ್ಕದಲ್ಲಿ, ದಪ್ಪದಲ್ಲಿ ಒಂದೇ ಇರಬೇಕು. ಸ್ಪೀಡೋಮೀಟರಿನ ವಯರು ಯಾವ ಮಗ್ಗುಲಿಂದ ಹೋಗುತ್ತದೆ, ಸಳಿ ಮೇಲೆದ್ದು ಬರುವ ಜಾಗ ನೆಲದ ತೂತಿಗೆ ಸರಿಹೋಗುತ್ತದೆಯೇ, ಮೌಂಟಿಂಗ್ ಎಲ್ಲಿ. ಹೊಸ ಪೆಟ್ಟಿಗೆ ನಾಲ್ಕು ಬೆರಳು ಹೆಚ್ಚು ಉದ್ದ ಇದ್ದರೆ ಪ್ರೊಪೆಲ್ಲರ್ ಶಾಫ್ಟು ಅಷ್ಟು ಗಿಡ್ಡ ಆಗಬೇಕು. ಜಿಪ್ಸಿ ಮನೆತನದಲ್ಲಿ ಒಂದು ಅನುಕೂಲ ಇದೆ: ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಡಬ್ಬಿ ಗೇರ್‌ಬಾಕ್ಸಿಗೆ ಅಂಟಿಲ್ಲ, ದೂರ ಕೂತಿದೆ, ನಡುವೆ ಒಂದು ಗಿಡ್ಡ ಶಾಫ್ಟು. ಉದ್ದದ ವ್ಯತ್ಯಾಸವನ್ನು ಆ ಗಿಡ್ಡ ಶಾಫ್ಟೊಂದೇ ನುಂಗಿಕೊಳ್ಳಬಲ್ಲದು. ಮಾರುತಿ 800ರಲ್ಲಿ ಈ ಆಟ ನಡೆಯುವುದಿಲ್ಲ, ಅಲ್ಲಿ ಗೇರೂ ಡಿಫರೆನ್ಶಿಯಲ್ಲೂ ಒಂದೇ ಚಿಪ್ಪಿನಲ್ಲಿವೆ.

ಇಷ್ಟೆಲ್ಲ ಕೂಡಿ ಬಂದಾಗ ಕೊನೆಗೊಂದು ಗಳಿಗೆ ಇದೆ. ಕೆಳಗೆ ಮಲಗಿದ ಇಬ್ಬರು ಪೆಟ್ಟಿಗೆಯನ್ನು ಎದೆಯ ಮೇಲೆ ಇಟ್ಟುಕೊಂಡು ಎತ್ತಿ, ಶಾಫ್ಟಿನ ತುದಿಯನ್ನು ಕಾಣದ ತೂತಿಗೆ ಹಿಡಿದು, ಒಂದಿಷ್ಟು ಆ ಕಡೆ ಈ ಕಡೆ ಅಲುಗಿಸುತ್ತಾರೆ. ಕಣ್ಣಿಗೆ ಏನೂ ಕಾಣುವುದಿಲ್ಲ. "ಚೂರ್ ಎಡಕ್ಕ, ಚೂರ್ ಎಡಕ್ಕ... ತಡಿ." ಆಮೇಲೆ ಒಮ್ಮೆಗೇ ಅದು ಒಳಗೆ ಹೋಗಿ ಕೂರುತ್ತದೆ. ದೇಶ ಬೇರೆ, ದಶಕ ಬೇರೆ, ಮಾಡಿದವರ ಭಾಷೆ ಬೇರೆ. ಮುಖ ನೋಡದವರ ಅಳತೆಯ ನಿಷ್ಠೆಯನ್ನು ನಂಬಿ ಇವರು ಎತ್ತಿದರು, ಅದು ಕೂತಿತು.

ಬಿಚ್ಚಿ ನೋಡಿದರೆ ಬೆರಗು ಹೋಗುತ್ತದೆ ಎಂಬ ಮಾತನ್ನು ನಮ್ಮಲ್ಲಿ ಓದಿದವರೇ ಹೆಚ್ಚು ಹೇಳುತ್ತಾರೆ. ನನಗದು ಒಪ್ಪಿಗೆಯಿಲ್ಲ. ಮುಚ್ಚಿದ ಪೆಟ್ಟಿಗೆಯ ಮುಂದೆ ಹುಟ್ಟುವುದು ಬರೀ ಅಜ್ಞಾನದ ಗೌರವ, ಅದು ಎರಡು ದಿನಕ್ಕೆ ಹಳಸುತ್ತದೆ. 41 ಮತ್ತು 11 ಯಾಕೆ ಎಂದು ತಿಳಿದ ಮೇಲೆ ಹುಟ್ಟಿದ್ದು ಇನ್ನೂ ಹಳಸಿಲ್ಲ. ಶೆಡ್ಡಿನ ಹುಡುಗ ಹತ್ತಾರು ಪೆಟ್ಟಿಗೆ ಬಿಚ್ಚಿದವನು. ಆದರೂ ಐದನೆಯ ಗೇರಿನಲ್ಲಿ ಹಿಂದಿನ ಗೀಟು ಮುಂದಿನದನ್ನು ಹಿಂದೆ ಹಾಕಿದಾಗ ಅವನ ಮುಖ ಅರಳಿದ್ದನ್ನು ನಾನು ನೋಡಿದೆ.

ಸೊಲ್ಲಾಪುರದ ಅಕ್ಕಲಕೋಟೆ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ 1992ರಲ್ಲಿ ಶುರುವಾದ ಪ್ರಿಸಿಷನ್ ಕ್ಯಾಮ್‌ಶಾಫ್ಟ್ಸ್ ಇದೆ. ಎಂಜಿನ್ನಿನ ಬಾಗಿಲುಗಳನ್ನು ತೆರೆದು ಮುಚ್ಚುವ ಕ್ಯಾಮ್ ಕಂಬಿಗಳು ಅಲ್ಲಿ ಎರಕಗೊಂಡು ದೊಡ್ಡ ದೊಡ್ಡ ಕಾರು ಕಂಪನಿಗಳಿಗೆ, ಹೊರದೇಶಕ್ಕೂ ಹೋಗುತ್ತವೆ. ಮಗ್ಗದಲ್ಲೂ ಎಳೆಗಳನ್ನು ಮೇಲೆ ಕೆಳಗೆ ಆಡಿಸುವುದು ಕ್ಯಾಮೇ. ಊರು ತನ್ನ ಹಳೆಯ ಕೆಲಸವನ್ನೇ ಬೇರೆ ಹೆಸರಿನಲ್ಲಿ ಮುಂದುವರಿಸಿದೆ ಅಂತ ನನಗೆ ಅನ್ನಿಸುತ್ತದೆ. ಇನ್ನು ವಿದ್ಯುತ್ ಗಾಡಿಗಳ ಕಾಲ. ಅವುಗಳಲ್ಲಿ ಕ್ಯಾಮೂ ಇಲ್ಲ, ಐದು ವೇಗದ ಪೆಟ್ಟಿಗೆಯೂ ಇಲ್ಲ. ಸಾಮಾನ್ಯವಾಗಿ ಒಂದೇ ಅನುಪಾತದಲ್ಲಿ ವೇಗ ಇಳಿಸುವ ಹಲ್ಲುಗಳು. ಸದ್ಯ, ಹಲ್ಲು ಅಂತೂ ಉಳಿಯಿತು. ಜನಸಾಮಾನ್ಯರಿಗೆ ಜಿಪ್ಸಿ ಮಾರುವುದು 2019ರಲ್ಲೇ ನಿಂತಿದೆ. ಹಳೆಯ ಗಾಡಿಗಳು ಒಂದೊಂದಾಗಿ ಗುಜರಿ ಸೇರುತ್ತಿವೆ. ಆರ್‌ಸಿಯಲ್ಲಿ ಎಂಜಿನ್ ನಂಬರಿಗೆ ಜಾಗ ಇದೆ, ಚಾಸಿ ನಂಬರಿಗೆ ಜಾಗ ಇದೆ, ಗೇರ್‌ಬಾಕ್ಸಿಗೆ ಇಲ್ಲ. ಅದು ತೂಕದ ಲೆಕ್ಕದಲ್ಲಿ, ಕಿಲೋಗೆ ಇಷ್ಟು ಅಂತ, ಹೋಗಿಬಿಡುತ್ತದೆ.

ಹಳೆಯ ಗಾಡಿ ಗುಜರಿಗೆ ಹಾಕುವವರಲ್ಲಿ ಒಂದು ಕೋರಿಕೆ. ಆ ಒಂದು ಪೆಟ್ಟಿಗೆಯನ್ನು ಇಳಿಸಿಟ್ಟುಕೊಂಡು ಹತ್ತಿರದ ಹೈಸ್ಕೂಲಿಗೆ ಕೊಡಿ, ಕನ್ನಡ ಶಾಲೆಯೋ ಮರಾಠಿ ಶಾಲೆಯೋ ಯಾವುದಾದರೂ ಸರಿ. ಎಣ್ಣೆ ಪೂರ್ತಿ ಬಸಿದು, ಸೀಮೆ ಎಣ್ಣೆಯಲ್ಲಿ ತೊಳೆದು, ಮೇಲಿನ ಮುಚ್ಚಳ ತೆಗೆದು ಕೊಡಿ. ಜೊತೆಗೊಂದು ಸೀಮೆಸುಣ್ಣ ಶಾಲೆಯಲ್ಲಿ ಇದ್ದೇ ಇರುತ್ತದೆ. ಬೋಲ್ಟುಗಳನ್ನೂ ಸಳಿಯ ಕೆಳಗಿನ ಪುಟ್ಟ ಗುಂಡು ಮತ್ತು ಸ್ಪ್ರಿಂಗುಗಳನ್ನೂ ಬೇರೆ ಡಬ್ಬಿಯಲ್ಲಿ ಹಾಕಿಕೊಡಲು ಮರೆಯಬೇಡಿ. ಆ ಗುಂಡುಗಳು ಒಮ್ಮೆ ಉರುಳಿಹೋದರೆ ಸಿಗುವುದಿಲ್ಲ.